ನಾನೂರ ಹನ್ನೆರಡು ಹೆಜ್ಜೆ

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಹದಿನೆಂಟು ನಿಮಿಷ. ಎರಡನೇ ತರಗತಿಯ ಟೀಚರ್ ಖಾಲಿ ಕೋಣೆಯಲ್ಲಿ, ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತು, ಆಗಲೇ ಮೂವತ್ತೊಂದು ಮನೆಗಳಿಗೆ ಹೊರಟುಹೋಗಿದ್ದ ಹಾಳೆಯ ಮೂವತ್ತೆರಡನೇ ಪ್ರತಿಯನ್ನು ಓದುತ್ತಿದ್ದರು. ಕಳುಹಿಸುವ ಮುಂಚೆ ಮೂರು ಸಲ ಓದುವುದು, ಕಳುಹಿಸಿದ ಮೇಲೆ ಒಂದು ಸಲ ಓದುವುದು ಅವರ ಕ್ರಮ. ತಪ್ಪು ಕಣ್ಣಿಗೆ ಬೀಳುವುದು ಯಾವಾಗಲೂ ನಾಲ್ಕನೇ ಓದಿನಲ್ಲೇ ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು.

ಪ್ರತಿ ಶುಕ್ರವಾರದ ಈ ಹಾಳೆ ಶುರುವಾಗಿ ಹತ್ತೊಂಬತ್ತು ವರ್ಷವಾಗಿತ್ತು. "ಇವತ್ತು ಸ್ಕೂಲಲ್ಲಿ ಏನು ಮಾಡಿದ್ರಿ?" ಎಂದು ಮನೆಯಲ್ಲಿ ಕೇಳಿದರೆ ಎಲ್ಲ ಮಕ್ಕಳೂ ಕೊಡುವ ಉತ್ತರ ಒಂದೇ: "ಏನಿಲ್ಲ." ಟೀಚರ್ ಕೂಡ ಚಿಕ್ಕಂದಿನಲ್ಲಿ ತಮ್ಮ ಅಪ್ಪನಿಗೆ ಇದನ್ನೇ ಹೇಳುತ್ತಿದ್ದರು. ಪಾಳಿ ಮುಗಿಸಿ ಬಂದ ಅಪ್ಪ ಬೂಟು ಬಿಚ್ಚುತ್ತಾ, "ಏನಿಲ್ಲದ್ದಕ್ಕೆ ಇಷ್ಟು ಹೊತ್ತು ಬೇಕಾಯ್ತಾ?" ಎಂದು ನಗುತ್ತಿದ್ದರು. ತಾವೇ ಟೀಚರ್ ಆದ ಮೇಲೆ ಆ 'ಏನಿಲ್ಲ'ಕ್ಕೆ ಉತ್ತರವಾಗಿ ವಾರಕ್ಕೊಂದು ಹಾಳೆ ಬರೆಯತೊಡಗಿದರು. ಈ ವಾರ ಏನು ಬೆಳೆಸಿದೆವು, ಏನು ತೂಗಿದೆವು, ಯಾವ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಮುಂದಿನ ವಾರಕ್ಕೆ ಮನೆಯಿಂದ ಏನು ತರಬೇಕು. ಕೈಬರಹದ ಎರಡು ಬದಿ. ಇತ್ತೀಚೆಗೆ ಅದರ ಫೋಟೋ ಪೋಷಕರ ಗ್ರೂಪಿಗೂ ಹೋಗುತ್ತಿತ್ತು. ಹಾಳೆಯಲ್ಲಿ ಮಕ್ಕಳಿಗೆ ಅವರವರೇ ಇಟ್ಟುಕೊಂಡ ಅಡ್ಡಹೆಸರು. ಟೀಚರಿಗೂ ಮಕ್ಕಳು ಒಂದು ಇಟ್ಟಿದ್ದರು: ಎಣಿಕೆ ಟೀಚರ್.

ತಪ್ಪು ಆಗಿಯೇ ಇಲ್ಲವೆಂದಲ್ಲ. ಒಮ್ಮೆ ಮೂವತ್ತು ಸೆಂಟಿಮೀಟರ್ ದಾರ ತರಬೇಕು ಎನ್ನುವಲ್ಲಿ ಮೂವತ್ತು ಮೀಟರ್ ಎಂದು ಬರೆದಿದ್ದರಿಂದ, ಸೋಮವಾರ ಹತ್ತೊಂಬತ್ತು ಮಕ್ಕಳು ಹಗ್ಗ ಹೊತ್ತು ಬಂದಿದ್ದರು. ಒಬ್ಬನ ಹಗ್ಗದಲ್ಲಿ ಬಟ್ಟೆ ಒಣಗಿಸುವ ಕ್ಲಿಪ್ಪುಗಳೂ ಇದ್ದವು. ಶಾಲೆಯೆಲ್ಲ ನಕ್ಕಿತು. ಟೀಚರ್ ಮಾತ್ರ ಎರಡು ರಾತ್ರಿ ಸರಿಯಾಗಿ ಮಲಗಲಿಲ್ಲ.

ಈ ವಾರದ ಪಾಠ ಅಳತೆ. ಪ್ರತಿ ಮಗುವೂ ಬೆಳಿಗ್ಗೆ ಹೊರಟ ಜಾಗದಿಂದ ಶಾಲೆಯ ಗೇಟಿನವರೆಗೆ ಎಷ್ಟು ಹೆಜ್ಜೆ ಎಂದು ಎರಡು ದಿನ ಎಣಿಸಿ, ಎರಡರ ನಡುವಿನ ಸಂಖ್ಯೆ ಬರೆಯಬೇಕು. ಬಸ್ಸಿನಲ್ಲಿ ಬರುವವರು ಬಸ್ಸಿನ ಎರಡೂ ಕಡೆಯ ನಡಿಗೆಯನ್ನು ಕೂಡಿಸಬೇಕು. ಸಂಖ್ಯೆಗಳಿಂದ ದೊಡ್ಡ ಕಂಬನಕ್ಷೆ ಮಾಡಿ, ಅದನ್ನೇ ಟೀಚರ್ ಹಾಳೆಗೆ ಇಳಿಸಿದ್ದರು. ಮಕ್ಕಳ ಅಳತೆಯನ್ನು ತಿದ್ದಬಾರದು ಎನ್ನುವುದು ಅವರ ನಿಯಮ. ಬಂದದ್ದನ್ನು ಬಂದಂತೆ ಬರೆಯುವುದು, ಅಷ್ಟೇ. ಕೊನೆಗೆ ಒಂದು ಸಾಲು ಸೇರಿಸಿದ್ದರು: "ಎಲ್ಲರಿಗಿಂತ ಕಡಿಮೆ ನಡೆಯುವ ಅದೃಷ್ಟವಂತೆ ಅಳಿಲು. ನಾನೂರ ಹನ್ನೆರಡು ಹೆಜ್ಜೆ!"

ನಾಲ್ಕನೇ ಓದಿನಲ್ಲಿ ಕಣ್ಣು ನಿಂತದ್ದು ಈ ಸಾಲಿನ ಮೇಲೆ.

ಅಳಿಲು ಏಳು ವರ್ಷದ ಹುಡುಗಿ. ಮೋಟು ಪೆನ್ಸಿಲ್‌ಗಳನ್ನು ಜೇಬಿನಲ್ಲಿ ಕೂಡಿಡುವುದರಿಂದ ಆ ಹೆಸರು. ಹಿಂದಿನ ತಿಂಗಳು 'ನನ್ನ ಕಿಟಕಿಯಿಂದ' ಎಂಬ ಚಿತ್ರದಲ್ಲಿ ಅವಳು ಸೇತುವೆ ಬರೆದಿದ್ದಳು, ಸೇತುವೆಯ ಆಚೆ ತುದಿಯಲ್ಲಿ ಶಾಲೆಯ ನೀರಿನ ಟ್ಯಾಂಕು. ಅಂದರೆ ಮನೆ ಸೇತುವೆಯ ಆ ಕಡೆ. ಟೀಚರ್ ಹಾಳೆಯ ಅಂಚಿನಲ್ಲಿ ಲೆಕ್ಕ ಮಾಡಿದರು. ವರಾಂಡದಲ್ಲಿ ಅಳೆದಾಗ ಅಳಿಲಿನ ಹತ್ತು ಹೆಜ್ಜೆ ನಾಲ್ಕು ಮೀಟರ್ ಎಂಬತ್ತು ಸೆಂಟಿಮೀಟರ್ ಆಗಿತ್ತು. ಹಾಗಾದರೆ ನಾನೂರ ಹನ್ನೆರಡಕ್ಕೆ ಇನ್ನೂರು ಮೀಟರಿಗೆ ಎರಡು ಕಡಿಮೆ. ಗೇಟಿನಿಂದ ಅಷ್ಟು ದೂರದೊಳಗೆ ಮನೆಗಳೇ ಇಲ್ಲ, ಇರುವುದು ಅಂಗಡಿಸಾಲು. ಎದ್ದುಹೋಗಿ ಅವಳ ಲೆಕ್ಕದ ಪುಸ್ತಕ ತೆರೆದರು. ಬುಧವಾರ ನಾನೂರ ಹನ್ನೊಂದು, ಗುರುವಾರ ನಾನೂರ ಹದಿಮೂರು. ತಪ್ಪಿ ಎಣಿಸಿದ ಮಗು ಎರಡು ದಿನ ಒಂದೇ ಥರ ತಪ್ಪುವುದಿಲ್ಲ.

ಮೂರೂ ನಲವತ್ತಕ್ಕೆ ಫೋನ್ ಬಂತು.

"ಟೀಚರ್, ನಾನು ಅಳಿಲಿನ ಅಮ್ಮ. ಆ ಹಾಳೆ... ಅದನ್ನ ವಾಪಸ್ ತಗೊಳ್ಳೋಕೆ ಆಗುತ್ತಾ?"

"ಯಾಕೆ, ಏನಾಯ್ತು?"

"ಗ್ರೂಪಿಂದಾದ್ರೂ ತೆಗೀರಿ. ಬೇಗ. ಅವಳ ಅಪ್ಪ ನೋಡೋ ಮುಂಚೆ."

ಅಳಿಲಿನ ಅಪ್ಪ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದ. ತಿಂಗಳಿಗೆ ಎರಡು ಸಲ ಮನೆಗೆ ಬರುತ್ತಿದ್ದ. ಪ್ರತಿ ಶುಕ್ರವಾರ ಎಲ್ಲೇ ಇದ್ದರೂ ಲಾರಿಯನ್ನು ಪಕ್ಕಕ್ಕೆ ಹಾಕಿ ಹಾಳೆಯ ಫೋಟೋ ಓದುತ್ತಿದ್ದ, ಓದಿ ತನ್ನ ಅಮ್ಮನಿಗೆ ಕಳಿಸುತ್ತಿದ್ದ. ಟೀಚರ್ ಗ್ರೂಪ್ ತೆರೆದು ನೋಡಿದರು. ಅವನು ಆಗಲೇ ಒಂದು ಚಪ್ಪಾಳೆ ಒತ್ತಿದ್ದ, ಮೂರೂ ಇಪ್ಪತ್ತೇಳಕ್ಕೆ.

ಅಳಿಲಿನ ಅಮ್ಮ ವಿಷಯ ಹೇಳಿದ್ದು ತುಂಡುತುಂಡಾಗಿ. ಅವಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಕೆಲಸಕ್ಕೆ ಸೇರುವಾಗ ಅತ್ತೆ ಒಂದು ಮಾತು ತೆಗೆದುಕೊಂಡಿದ್ದರು: ಮಗುವನ್ನು ಬೆಳಿಗ್ಗೆ ಶಾಲೆಗೆ ತಾಯಿಯೇ ಬಿಡಬೇಕು. ಆಗದಿದ್ದರೆ ಮಗು ಅಜ್ಜಿಯ ಊರಿನಲ್ಲಿ ಓದಲಿ. ಎರಡು ತಿಂಗಳ ಹಿಂದೆ ಪಾಳಿ ಆರು ಗಂಟೆಗೆ ಬದಲಾಯಿತು. ಅವಳು ಯಾರಿಗೂ ಹೇಳಲಿಲ್ಲ. ಶಾಲೆಯ ಹತ್ತಿರ ಬಟ್ಟೆ ಹೊಲಿಯುವ ಹೆಂಗಸೊಬ್ಬರ ಅಂಗಡಿಯಲ್ಲಿ ಮಗುವನ್ನು ಮುಂಜಾನೆಯೇ ಬಿಟ್ಟುಹೋಗುತ್ತಿದ್ದಳು. ಏಳೂ ಮುಕ್ಕಾಲು ದಾಟಿದ ಮೇಲೆ ಅಳಿಲು ತಾನೇ ನಡೆದು ಬರುತ್ತಿದ್ದಳು.

"ನೀವು 'ಹೊರಟ ಜಾಗದಿಂದ' ಅಂದ್ರಂತೆ. ಅವಳು ಅಲ್ಲಿಂದಾನೇ ಎಣಿಸಿದ್ದಾಳೆ. ಅತ್ತೆ ಮನೆಯಿಂದ ಶಾಲೆಗೆ ನಡೆದಿದ್ದಾರೆ ಟೀಚರ್, ಇಪ್ಪತ್ತೈದು ನಿಮಿಷ ಬೇಕು ಅಂತ ಗೊತ್ತು. ಹೇಗೂ ಈ ಭಾನುವಾರ ಬರೋರಿದ್ದಾರೆ. ಸೋಮವಾರ ನಿಮ್ಮನ್ನ ನೋಡೋಕೆ ಬರ್ತೀನಿ ಅಂತ ಮೊದಲೇ ಅಂದಿದ್ದಾರೆ." ಅವಳು ದನಿ ತಗ್ಗಿಸಿದಳು. "ಒಂದು ಸೊನ್ನೆ ಬಿಟ್ಟುಹೋಗಿದೆ ಅಂತ ಹೇಳಿಬಿಡಿ ಸಾಕು. ನಾಲ್ಕು ಸಾವಿರದ ನೂರ ಇಪ್ಪತ್ತು. ನಿಮ್ಮ ಮಾತನ್ನ ಅವರು ನಂಬ್ತಾರೆ."

"ಯೋಚಿಸ್ತೀನಿ" ಎಂದಷ್ಟೇ ಹೇಳಿ ಟೀಚರ್ ಫೋನ್ ಇಟ್ಟರು. ಕೈ ತನ್ನಷ್ಟಕ್ಕೆ ಲೆಕ್ಕ ಮಾಡಿತ್ತು. ನಾಲ್ಕು ಸಾವಿರದ ನೂರ ಇಪ್ಪತ್ತು ಹೆಜ್ಜೆ ಎಂದರೆ ಎರಡು ಕಿಲೋಮೀಟರಿಗೆ ಇಪ್ಪತ್ತೆರಡು ಮೀಟರ್ ಕಡಿಮೆ. ಸೇತುವೆಯಾಚೆಯ ಮನೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತಿತ್ತು. ಸುಳ್ಳು ಇಷ್ಟು ಚೆನ್ನಾಗಿ ಹೊಂದಿಕೊಂಡದ್ದನ್ನು ಕಂಡು ಅವರು ಪೆನ್ನಿನ ಮುಚ್ಚಳ ಹಾಕಿದರು.

ಶನಿವಾರ ಹತ್ತೂ ನಲವತ್ತಕ್ಕೆ ಅವರು ಆ ಅಂಗಡಿಯ ಮುಂದೆ ನಿಂತಿದ್ದರು. ಒಂದೇ ಕೋಣೆ, ಎರಡು ಮಿಷನ್, ಗೋಡೆಗೆ ಒರಗಿಸಿದ ಬಟ್ಟೆಯ ಗಂಟುಗಳು. ಮೂಲೆಯ ಸ್ಟೂಲಿನ ಮೇಲೆ ಮೂರು ಮೋಟು ಪೆನ್ಸಿಲ್. ಮಕ್ಕಳ ಬಾಯಲ್ಲಿ ಟೈಲರಕ್ಕ ಎನಿಸಿಕೊಂಡ ಆ ಹೆಂಗಸು ತುಟಿಯ ನಡುವಿನ ಗುಂಡುಸೂಜಿ ತೆಗೆದು, "ಅಳತೆ ಕೊಡೋಕೆ ಬಂದ್ರಾ, ತಗೊಳ್ಳೋಕಾ?" ಎಂದರು.

"ನಾನು ಅಳಿಲಿನ ಟೀಚರು."

"ಗೊತ್ತಾಯ್ತು ಬಿಡಿ. ನಿಮ್ಮ ದೆಸೆಯಿಂದ ಆ ಹುಡುಗಿ ನನ್ನ ಟೇಪ್ ಕಿತ್ಕೊಂಡು ಮಿಷನ್ ಕಾಲನ್ನೂ ಬಿಡದೆ ಅಳೆದಿದ್ದಾಳೆ." ನಕ್ಕವರು ಟೀಚರ ಮುಖ ನೋಡಿ ಗಂಭೀರವಾದರು. "ಒಂಟಿಯಾಗಿ ಕಳಿಸ್ತೀನಿ ಅಂತ ಅಂದ್ಕೋಬೇಡಿ. ಅವಳು ಗೇಟ್ ಮುಟ್ಟಿ ನೀರಿನ ಬಾಟ್ಲು ಎತ್ತಿ ತೋರಿಸೋವರೆಗೂ ಈ ಬಾಗಿಲು ಬಿಟ್ಟು ಅಲ್ಲಾಡಲ್ಲ. ಗಿರಾಕಿ ಕಾದ್ರೂ ಕಾಯ್ಲಿ."

"ಮಳೆ ಬಂದ್ರೆ?"

"ನಾನೇ ಕೊಡೆ ಹಿಡ್ಕೊಂಡು ಹೋಗ್ತೀನಿ. ಯಾಕೆ, ನೀವು ಒಂದಿನಾನೂ ನೋಡಿಲ್ವಾ?"

ಟೀಚರ್ ಅಲ್ಲಿಂದ ಗೇಟಿನವರೆಗೆ ಎಣಿಸುತ್ತಾ ನಡೆದರು. ತಮ್ಮ ಅರವತ್ತೆಂಟು ಸೆಂಟಿಮೀಟರಿನ ಹೆಜ್ಜೆಯಲ್ಲಿ ಇನ್ನೂರ ತೊಂಬತ್ತೊಂದು. ಗುಣಿಸಿ, ಭಾಗಿಸಿ ನೋಡಿದರು. ಅಳಿಲಿನ ಲೆಕ್ಕ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಅದು ತಪ್ಪಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅನ್ನಿಸಿತು.

ಭಾನುವಾರ ಊಟದ ಮೇಜಿನ ಮೇಲೆ ತಿದ್ದುಪಡಿಯ ಚೀಟಿ ಬರೆಯಲು ಕೂತರು. 'ಕಳೆದ ವಾರದ ಹಾಳೆಯಲ್ಲಿ ಒಂದು ಸೊನ್ನೆ' ಎಂಬಲ್ಲಿಗೆ ಪೆನ್ನು ನಿಂತಿತು. ಅವರ ಗಂಡನಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೊರೆಯುವ ಕೆಲಸ. ಹೆಂಡತಿಯ ಹೆಗಲ ಮೇಲಿಂದ ಬಗ್ಗಿ ಓದಿದರು.

"ಒಂದು ಸೊನ್ನೆ ಸುತ್ತೋಕೆ ಅರ್ಧ ಗಂಟೆಯಿಂದ ಕೂತಿದ್ದೀಯಲ್ಲೇ. ಒಂದನೇ ಕ್ಲಾಸಿನೋರು ಬೇಗ ಬರೀತಾರೆ."

"ತಮಾಷೆ ಸಾಕು ರೀ. ಬರೆದ್ರೆ ಆ ಮಗು ಇಲ್ಲೇ ಉಳಿಯುತ್ತೆ. ಬರೀದಿದ್ರೆ ಗಂಟುಮೂಟೆ ಕಟ್ಟಿಸಿ ಕರ್ಕೊಂಡು ಹೋಗ್ತಾರೆ."

"ಬರಿ ಹಾಗಾದ್ರೆ. ಒಂದು ಸೊನ್ನೆಯಿಂದ ಯಾರ ತಲೆ ಹೋಗುತ್ತೆ?"

"ನೀವು ಗಿರಾಕಿಗೆ ಅರ್ಧ ಪಾಯಿಂಟ್ ಹೆಚ್ಚುಕಮ್ಮಿ ಗಾಜು ಕೊಡ್ತೀರಾ?"

ಅವರು ಎದುರಿನ ಕುರ್ಚಿ ಎಳೆದು ಕೂತರು. "ಕೊಡಲ್ಲ. ತಲೆನೋವು ಬರುತ್ತೆ" ಎಂದರು. "ಆದ್ರೆ ನನ್ನ ಗಿರಾಕಿಗಳನ್ನ ಯಾವ ಅತ್ತೇನೂ ಎತ್ಕೊಂಡು ಹೋಗಲ್ಲ ಕಣೇ."

ಚೀಟಿ ಬರೆದದ್ದಾಯಿತು. ಸೊನ್ನೆ ಸಮೇತ. ಟೀಚರ್ ಅದನ್ನು ಮಡಚಿ ಚೀಲಕ್ಕೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೊಡುತ್ತೇನೆಯೇ ಇಲ್ಲವೇ ಎಂಬುದು ಅವರಿಗೇ ಗೊತ್ತಿರಲಿಲ್ಲ.

ಸೋಮವಾರ ಏಳೂ ಐವತ್ತಕ್ಕೆ ಅಳಿಲು ತರಗತಿಯ ಬಾಗಿಲಿಗೆ ಓಡಿ ಬಂದಳು. ಅಂದು ಅವಳ ಜೊತೆಗೆ ಅಮ್ಮ, ಅಜ್ಜಿ ಇಬ್ಬರೂ ಬಂದಿದ್ದರು. ಅವರು ಇನ್ನೂ ಮೆಟ್ಟಿಲ ಹತ್ತಿರವಿದ್ದರು. ಹುಡುಗಿಯ ಕಣ್ಣು ಊದಿತ್ತು.

"ಟೀಚರ್, ನಾನು ತಪ್ಪು ಎಣಿಸಿದ್ದೀನಿ ಅಂತ ಅಮ್ಮ ಅಜ್ಜಿಗೆ ಹೇಳಿದ್ಲು. ನಾನು ತಪ್ಪು ಎಣಿಸಿಲ್ಲ ಟೀಚರ್. ಎರಡು ಸಲ ಎಣಿಸಿದೆ. ಬೇಕಾದ್ರೆ ಇನ್ನೊಂದು ಸಲ ಎಣಿಸ್ಲಾ?"

"ಬೇಡ" ಎಂದರು ಟೀಚರ್. "ಹೋಗಿ ಕೂತ್ಕೋ." ಚೀಲದ ಬಾಯಿ ಮುಚ್ಚಿ ಅಲ್ಲೇ ಮೊಳೆಗೆ ತೂಗುಹಾಕಿ, ಬರಿಗೈಯಲ್ಲಿ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನಡೆದರು.

ಅಜ್ಜಿ ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕೂತಿದ್ದರು. ಕಿರಾಣಿ ಅಂಗಡಿ ನಡೆಸಿ ಮಗನನ್ನು ಬೆಳೆಸಿದವರು. ಪಕ್ಕದಲ್ಲಿ ಅಳಿಲಿನ ಅಮ್ಮ ಗೋಡೆಗೆ ಅಂಟಿಕೊಂಡು ನಿಂತಿದ್ದಳು, ಟೀಚರನ್ನೇ ನೋಡುತ್ತಾ. ಬೆಳಿಗ್ಗೆ ರಜೆ ಹಾಕಿದ್ದಳು.

"ನಿಮ್ಮ ಹಾಳೆ ಒಂದೂ ಬಿಡದೆ ಓದೋಳು ನಾನು, ಟೀಚರಮ್ಮ" ಎಂದರು ಅಜ್ಜಿ. ಫೋನಿನಲ್ಲಿ ಆ ಕಂಬನಕ್ಷೆ ತೆರೆದಿತ್ತು. "ನಾನೂರ ಹನ್ನೆರಡು ಅಂತ ಬರೆದಿದ್ದೀರಿ. ತಪ್ಪು ನಿಮ್ಮದಾ, ಮಗೂದಾ? ಸೊಸೆ ಸೊನ್ನೆ ಬಿಟ್ಟುಹೋಗಿದೆ ಅಂತಾಳೆ. ನಲವತ್ತು ವರ್ಷ ತಕ್ಕಡಿ ಹಿಡಿದಿದ್ದೀನಿ. ಯಾರು ಎಲ್ಲಿ ಬೆರಳಿಡ್ತಾರೆ ಅಂತ ನಂಗೆ ಗೊತ್ತಾಗುತ್ತೆ."

ಟೀಚರ್ ಅಳಿಲಿನ ಅಮ್ಮನ ಕಣ್ಣು ತಪ್ಪಿಸಿ ಹೇಳಲು ನೋಡಿದರು, ಆಗಲಿಲ್ಲ. ಅವಳನ್ನೇ ನೋಡುತ್ತಾ ಹೇಳಿದರು. "ಯಾರದೂ ತಪ್ಪಲ್ಲ. ಲೆಕ್ಕ ಸರಿಯಾಗಿದೆ. ನಾನೇ ನಡೆದು ನೋಡಿದೆ."

ಅಳಿಲಿನ ಅಮ್ಮ ಮುಖ ಮುಚ್ಚಿಕೊಂಡಳು.

ಟೀಚರ್ ನಿಲ್ಲಿಸಲಿಲ್ಲ. ಪಾಳಿ ಬದಲಾದದ್ದು, ಟೈಲರಕ್ಕನ ಅಂಗಡಿ, ಅಲ್ಲಿನ ಸ್ಟೂಲು, ಬಾಗಿಲಲ್ಲಿ ನಿಂತು ಕಾಯುವುದು, ಗೇಟಿನಲ್ಲಿ ಎತ್ತಿ ತೋರಿಸುವ ಬಾಟಲಿ, ಮಳೆಗೆ ಕೊಡೆ. ತಿಳಿದದ್ದನ್ನೆಲ್ಲ ಕ್ರಮವಾಗಿ ಹೇಳಿದರು. ತಾಯಿ ಮಗುವನ್ನು ಬೀದಿಗೆ ಬಿಟ್ಟಿಲ್ಲ, ಒಬ್ಬರ ಕೈಗೆ ಒಪ್ಪಿಸಿ ಹೋಗಿದ್ದಾಳೆ ಎಂದೂ ಹೇಳಿದರು.

"ನಂಗೆ ಯಾಕೆ ಹೇಳಲಿಲ್ಲ?" ಅಜ್ಜಿ ಸೊಸೆಯ ಕಡೆ ತಿರುಗಿದರು.

"ಹೇಳಿದ್ರೆ ಕರ್ಕೊಂಡು ಹೋಗ್ತಿದ್ರಿ ಅತ್ತೆ."

"ಹೇಳದೇ ಇದ್ರೂ ಕರ್ಕೊಂಡು ಹೋಗ್ತೀನಿ." ಅಜ್ಜಿ ಮುಖ್ಯೋಪಾಧ್ಯಾಯಿನಿಗೆ ಹೇಳಿದರು, "ಟಿ.ಸಿ. ಬರೆದುಕೊಡಿ ಮೇಡಂ. ಮಗನಿಗೆ ಫೋನ್ ಮಾಡಿದ್ದೀನಿ, ನಿನ್ನಿಷ್ಟ ಅಮ್ಮಾ ಅಂದಿದ್ದಾನೆ. ಸಹಿಗೆ ಇವಳಿದ್ದಾಳೆ."

ಮುಖ್ಯೋಪಾಧ್ಯಾಯಿನಿ ಕಪಾಟಿನ ಬೀಗದ ಕೈ ಹುಡುಕತೊಡಗಿದರು. ಬೇಕೆಂದೇ ನಿಧಾನವಾಗಿ ಹುಡುಕುತ್ತಿದ್ದಂತೆ ಕಾಣುತ್ತಿತ್ತು. ಗೋಡೆ ಗಡಿಯಾರದಲ್ಲಿ ಎಂಟೂ ಇಪ್ಪತ್ತು. ಎಂಟೂವರೆಗೆ ಗಂಟೆ ಬಾರಿಸಬೇಕು. ತಾನು ಸೊನ್ನೆ ಸುತ್ತಿದ ಆ ಚೀಟಿಯನ್ನು ಕೊಟ್ಟಿದ್ದರೆ ಈ ಹೊತ್ತಿಗೆ ಎಲ್ಲರೂ ನಗುತ್ತಾ ಎದ್ದಿರುತ್ತಿದ್ದರು ಎಂದು ಟೀಚರಿಗೆ ಅನ್ನಿಸಿತು. ಅಳಿಲಿನ ಅಮ್ಮ ಸದ್ದಿಲ್ಲದೆ ಅಳುತ್ತಿದ್ದಳು. ದಿನಾ ಸೋಪಿನ ನೀರಿನಲ್ಲಿ ನೆನೆದು ಅವಳ ಬೆರಳುಗಳ ತುದಿಗಳು ಒರಟಾಗಿ ಬಿಳಿಚಿದ್ದವು.

ಕಾಯುತ್ತಾ ಕೂತ ಅಜ್ಜಿ ಮತ್ತೆ ಟೀಚರ ಕಡೆ ನೋಡಿದರು.

"ಆ ಟೈಲರು ನೋಡ್ತಾಳೆ ಅಂದ್ರಿ. ಸರಿ. ಗೇಟಿನ ಈ ಕಡೆ ಯಾರು ನೋಡ್ತಾರೆ?"

ಅಜ್ಜಿ ಕುರ್ಚಿಯನ್ನು ಟೀಚರ ಕಡೆ ಸರಿಸಿಕೊಂಡರು.

"ನೀವು ಎಷ್ಟು ಹೊತ್ತಿಗೆ ಬರ್ತೀರಿ?"

"ಏಳೂವರೆಗೆ."

"ಮಗು ಬರೋವಾಗ?"

"ತರಗತಿಯಲ್ಲಿ ಇರ್ತೀನಿ. ಬೋರ್ಡ್ ಬರೀತಿರ್ತೀನಿ."

"ಬೆನ್ನು ಬಾಗಿಲ ಕಡೆಗೆ."

"ಹೌದು."

"ಬೀಜಕ್ಕೆ ಎಷ್ಟು ಎಲೆ ಬಂತು ಎಣಿಸ್ತೀರಿ, ಕಿಟಕೀಲಿ ಎಷ್ಟು ಹಕ್ಕಿ ಕೂತವು ಎಣಿಸ್ತೀರಿ. ನಮಗೆಲ್ಲ ಬರೆದು ಕಳಿಸ್ತೀರಿ. ನನ್ನ ಮೊಮ್ಮಗಳು ಒಬ್ಬಳೇ ಗೇಟ್ ದಾಟಿ ಬಂದಿದ್ದು ಎಷ್ಟು ದಿನ? ಯಾರ ಜೊತೆ ಬಂದೆ ಪುಟ್ಟೀ ಅಂತ ನೀವು ಕೇಳದೇ ಇದ್ದಿದ್ದು ಎಷ್ಟು ದಿನ? ಅದಕ್ಕೂ ಲೆಕ್ಕ ಇದೆಯಾ?"

"ಅಮ್ಮಾ, ಗೇಟ್ ನೋಡೋದು ಅವರ ಕೆಲಸ ಅಲ್ಲ" ಎಂದು ಮುಖ್ಯೋಪಾಧ್ಯಾಯಿನಿ ಅಡ್ಡ ಬಂದರು. "ಅದಕ್ಕೆ ಬೇರೆ ಆಳು..."

"ಲೆಕ್ಕ ಇದೆ" ಎಂದರು ಟೀಚರ್. "ತರ್ತೀನಿ."

ತರಗತಿಗೆ ಹೋಗಿ ಹಾಜರಿ ಪುಸ್ತಕ ತಂದರು. ಪಾಳಿ ಬದಲಾದ ತಾರೀಖನ್ನು ಅಳಿಲಿನ ಅಮ್ಮನಿಂದ ಕೇಳಿಕೊಂಡು, ಆ ದಿನದ ಚೌಕದ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಮುಂದೆ ಸರಿದರು. ಒಂದು ಪುಟ ಮುಗಿದು ಇನ್ನೊಂದಕ್ಕೆ ತಿರುಗಿದಾಗ, ತಪ್ಪಿತೇನೋ ಎಂದು ಮತ್ತೆ ಮೊದಲಿನಿಂದ ಶುರುಮಾಡಿದರು. ಮುಖ್ಯೋಪಾಧ್ಯಾಯಿನಿ ಬೀಗದ ಕೈ ಹುಡುಕುವುದನ್ನು ಬಿಟ್ಟು ನಿಂತರು. ಅಜ್ಜಿ ಕತ್ತು ಮುಂದೆ ಚಾಚಿ ಬೆರಳನ್ನೇ ನೋಡುತ್ತಿದ್ದರು.

ಕಪಾಟು ಅಂದು ತೆರೆಯಲಿಲ್ಲ. ಅಜ್ಜಿ ಆ ಇಡೀ ವಾರ ಮಗನ ಮನೆಯಲ್ಲೇ ಉಳಿದು, ಪ್ರತಿ ಬೆಳಿಗ್ಗೆ ಟೈಲರಕ್ಕನ ಅಂಗಡಿಯಲ್ಲಿ ಕೂತು, ಮೊಮ್ಮಗಳ ಹತ್ತು ಹೆಜ್ಜೆ ಹಿಂದೆ ಗೇಟಿನವರೆಗೆ ನಡೆದರು. ಶನಿವಾರ ಬಸ್ಸು ಹತ್ತುವಾಗ ಅಳಿಲಿನ ಕೈಯನ್ನು ಅವಳ ಅಮ್ಮನ ಕೈಯಲ್ಲಿಟ್ಟು ಹೋದರು. ಅತ್ತೆ ಸೊಸೆ ಅದಾದ ಮೇಲೂ ಎಷ್ಟೋ ತಿಂಗಳು ಅಗತ್ಯವಿದ್ದಷ್ಟೇ ಮಾತಾಡಿಕೊಂಡರು. ಟೈಲರಕ್ಕ ಮಾತ್ರ ಬಾಯಿ ಬಿಟ್ಟು ಕೇಳಿದ್ದರು: "ಕರ್ಕೊಂಡೇ ಹೋಗ್ತೀನಿ ಅಂತ ಬಂದ್ರಲ್ಲ ಅಜ್ಜಿ, ಯಾಕೆ ಬಿಟ್ಟುಹೋಗ್ತಿದ್ದೀರಿ?" ಅದಕ್ಕೆ ಅಜ್ಜಿ, "ತನ್ನ ತೂಕ ಕಮ್ಮಿ ಬಿದ್ದಿದ್ದನ್ನ ಗಿರಾಕಿ ಎದುರಿಗೇ ತೂಗಿ ತೋರಿಸೋರು ನಂಗೆ ಈವರೆಗೆ ಸಿಕ್ಕಿರಲಿಲ್ಲ. ಇಲ್ಲೇ ಇರಲಿ ಮಗು" ಎಂದರಂತೆ.

ಟೀಚರ್ ಆ ಮಂಗಳವಾರದಿಂದ ಬೋರ್ಡನ್ನು ಹಿಂದಿನ ಸಂಜೆಯೇ ಬರೆದಿಟ್ಟು, ಏಳೂ ನಲವತ್ತಕ್ಕೆ ಗೇಟಿನಲ್ಲಿ ನಿಲ್ಲತೊಡಗಿದರು. ನಿವೃತ್ತರಾಗುವವರೆಗೂ ನಿಂತರು. ಹಾಳೆಯಲ್ಲಿ ಈ ವಿಷಯ ಎಂದೂ ಬರೆಯಲಿಲ್ಲ.

ಆದರೆ ಆ ಸೋಮವಾರ, ಕೋಣೆಯಲ್ಲಿದ್ದ ಯಾರಿಗೂ ಮುಂದೇನಾಗುತ್ತದೆ ಎಂದು ಗೊತ್ತಿರಲಿಲ್ಲ, ಟೀಚರಿಗಂತೂ ಇಲ್ಲವೇ ಇಲ್ಲ. ಮಗು ಕೈತಪ್ಪಿ ಹೋಯಿತು, ತಾನೇ ಕಳಿಸಿಕೊಟ್ಟಂತಾಯಿತು ಎಂದೇ ಅವರು ಅಂದುಕೊಂಡಿದ್ದರು. ಎಂಟೂ ಇಪ್ಪತ್ತಾರಕ್ಕೆ ಬೆರಳು ಕೊನೆಯ ಚೌಕಕ್ಕೆ ಬಂತು. ಅಳಿಲಿಗೆ ಜ್ವರ ಬಂದು ತಪ್ಪಿದ ಎರಡು ದಿನ ಕಳೆದರು, ಟೈಲರಕ್ಕ ಕೊಡೆ ಹಿಡಿದು ಬಂದ ಮಳೆಯ ದಿನಗಳನ್ನು ಕಳೆಯಲಿಲ್ಲ. ಅಂದೂ ಅವರ ಬೆನ್ನು ಬಾಗಿಲ ಕಡೆಗೇ ಇತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅಜ್ಜಿಗೂ ಅಳಿಲಿನ ಅಮ್ಮನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು:

"ನಲವತ್ತಮೂರು."